ಕೆಲಸ ನೋಡಿ ಬ್ಯಾಟರಿ ಆರಿಸಿ



ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಶರಾವತಿ ನದಿಗೆ ಅಡ್ಡಲಾಗಿ 1964ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟಿನ ಹಿಂದೆ, ಜಲಾಶಯ ತುಂಬಿದಾಗ, ಸುಮಾರು 151 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಈ ನೀರು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ 1035 ಮೆಗಾವಾಟ್‌ವರೆಗೆ ವಿದ್ಯುತ್ತನ್ನು ಉತ್ಪಾದಿಸಬಲ್ಲುದು. ಅದಕ್ಕಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಆದರೆ ಹಿನ್ನೀರಿನ ಆಚೆ ದಡದ ಎಷ್ಟೋ ಮನೆಗಳಿಗೆ ವಿದ್ಯುತ್ ತಂತಿ ಬಂದದ್ದು ಬಹಳ ತಡವಾಗಿ.

ತಂತಿ ಬಾರದ ಮಲೆನಾಡಿನ ಮನೆಯಲ್ಲಿ ದೂರದರ್ಶನ ನೋಡಬೇಕೆಂದರೆ ಬ್ಯಾಟರಿಯೇ ಆಧಾರವಾಗಿತ್ತು. ಅದು ಬರಿದಾದರೆ ಪೇಟೆಗೆ ಒಯ್ದು ಚಾರ್ಜ್ ಮಾಡಿಸಿ ತರಬೇಕಿತ್ತು. ತುಮರಿ ಕಡೆಯವರಿಗೆ ಸಾಗರಕ್ಕೆ ಹತ್ತಿರದ ದಾರಿಯೆಂದರೆ ಹಿನ್ನೀರಿನ ಲಾಂಚ್; ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ. ಇಂಥ ಮನೆಗೆ ಬ್ಯಾಟರಿಯೊಂದನ್ನು ಕೊಳ್ಳುವುದು ಸಣ್ಣ ಖರ್ಚಲ್ಲ. ಆರು ತಿಂಗಳಲ್ಲಿ ಅದು ಕೆಟ್ಟುಹೋದರೆ ಅಡಿಕೆ ಮಾರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಬ್ಯಾಟರಿಯನ್ನು ಆರಿಸುವುದು ಹೇಗೆ ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಬ್ಯಾಟರಿಯ ಮೇಲೆ ಬರೆದಿರುವ ಎರಡು ಸಂಖ್ಯೆಗಳನ್ನು ಅರ್ಥ ಮಾಡಿಕೊಳ್ಳೋಣ. ಇದಕ್ಕೆ ಲಿಂಗನಮಕ್ಕಿಯ ಜಲಾಶಯವೇ ಒಳ್ಳೆಯ ಉದಾಹರಣೆ. ನೀರು ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದನ್ನು ವೋಲ್ಟ್‌ಗೆ ಹೋಲಿಸಬಹುದು. ಒಟ್ಟು ಎಷ್ಟು ನೀರಿದೆ ಎಂಬುದು ಆಂಪಿಯರ್-ಗಂಟೆಗೆ ಸಮ. ಕೊಳವೆಯಲ್ಲಿ ಹರಿಯುವ ನೀರಿನ ಪ್ರಮಾಣ ಆಂಪಿಯರ್‌ಗೆ ಸಮ. ಅದೇ ಎತ್ತರದಲ್ಲಿ ಒಂದು ಸಣ್ಣ ಕೆರೆಯೂ ಇರಬಹುದು. ಆದರೆ ಅದರಿಂದ ದೊಡ್ಡ ಯಂತ್ರವನ್ನು ತಿರುಗಿಸಲು ಸಾಧ್ಯವೇ? ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಎಂಟು ಸಣ್ಣ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೂ 12 ವೋಲ್ಟ್ ಆಗುತ್ತದೆ. ಅದರಿಂದ ಕಾರಿನ ಎಂಜಿನ್ನನ್ನು ಎಬ್ಬಿಸಲಾಗದು. ಆದ್ದರಿಂದ 12 ವೋಲ್ಟ್ ಎಂದು ಬರೆದಿದೆ ಎಂಬಷ್ಟಕ್ಕೇ ಎಲ್ಲ ಬ್ಯಾಟರಿಗಳೂ ಒಂದೇ ಅಲ್ಲ.

ಈಗ ಮೂರು ಬಗೆಯ ಕೆಲಸಗಳನ್ನು ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ನನ್ನೊಂದಿಗೆ ಲೆಕ್ಕ ಹಾಕಿ.

ಮೊದಲನೆಯದು, ಕಾರಿನ ಎಂಜಿನ್ನನ್ನು ಚಾಲೂ ಮಾಡುವುದು. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯುತ್ತದೆ, ಐದು ಸೆಕೆಂಡು ತಿರುಗುತ್ತದೆ ಎನ್ನೋಣ. ಇನ್ನೂರನ್ನು ಐದರಿಂದ ಗುಣಿಸಿ, ಗಂಟೆಗೆ 3600 ಸೆಕೆಂಡುಗಳಿರುವುದರಿಂದ ಅದರಿಂದ ಭಾಗಿಸಿದರೆ ಬರುವುದು 0.28 ಆಂಪಿಯರ್-ಗಂಟೆ ಮಾತ್ರ. ಎಂಜಿನ್ ಓಡತೊಡಗಿದೊಡನೆ ಅದೂ ಬ್ಯಾಟರಿಗೆ ಹಿಂದಿರುಗಿ ತುಂಬುತ್ತದೆ.

ಎರಡನೆಯದು, 12 ವೋಲ್ಟಿನಲ್ಲಿ ಓಡುವ ಚಿಕ್ಕ ಕಪ್ಪು-ಬಿಳುಪು ಟಿವಿ. ಎರಡು ಆಂಪಿಯರ್‌ನಂತೆ ಮೂರು ಗಂಟೆ ನೋಡಿದರೆ 6 ಆಂಪಿಯರ್-ಗಂಟೆ. ನೋಡಿದಿರಾ? ಅಬ್ಬರಿಸಿ ಎಂಜಿನ್ನನ್ನು ಎಬ್ಬಿಸುವ ಮೋಟಾರಿಗಿಂತ, ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ಟಿವಿಯು ಬ್ಯಾಟರಿಯಿಂದ ಇಪ್ಪತ್ತು ಪಟ್ಟು ಹೆಚ್ಚು ವಿದ್ಯುತ್ತನ್ನು ಹೀರುತ್ತದೆ!

ಮೂರನೆಯ ಕೆಲಸ ನಮ್ಮಲ್ಲಿ ಅಪರೂಪ. ಯುರೋಪಿನಲ್ಲಿ ರಜೆಯ ದಿನಗಳಲ್ಲಿ ಜನರು ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಪ್ರವಾಸ ಹೊರಡುತ್ತಾರೆ. ಒಂದು ಟನ್ನಿಗೂ ಹೆಚ್ಚು ತೂಗುವ ಈ ಬಂಡಿಯನ್ನು ಕಾರಿನಿಂದ ಬಿಡಿಸಿದ ಮೇಲೆ ಸರಿಯಾದ ಜಾಗಕ್ಕೆ ಸರಿಸಿ ನಿಲ್ಲಿಸಬೇಕಷ್ಟೆ. ಅದಕ್ಕೆಂದು ಚಕ್ರಗಳ ಪಕ್ಕದಲ್ಲಿ ಸಣ್ಣ ಮೋಟಾರುಗಳಿರುತ್ತವೆ. ಗುಂಡಿ ಒತ್ತಿದರೆ ಉರುಳೆಗಳು ಟೈರಿಗೆ ಒತ್ತಿಕೊಂಡು ತಿರುಗಿ ಬಂಡಿಯನ್ನು ನಿಧಾನವಾಗಿ ಸರಿಸುತ್ತವೆ. ಸಮತಟ್ಟಾದ ನೆಲದಲ್ಲಿ ಈ ಮೋಟಾರುಗಳು ಸುಮಾರು 40 ಆಂಪಿಯರ್ ಎಳೆಯುತ್ತವೆ ಎನ್ನೋಣ. ಹತ್ತು ನಿಮಿಷಕ್ಕೆ ಇದು 6.7 ಆಂಪಿಯರ್-ಗಂಟೆ. ಅಂದರೆ ಒಂದು ಸಂಜೆಯ ಟಿವಿಗೆ ಬೇಕಾದಷ್ಟೇ!

ಹಾಗಾದರೆ ಟಿವಿಗೂ ಗಾಲಿಮನೆಗೂ ಒಂದೇ ಬ್ಯಾಟರಿ ಸಾಕೇ? ಇಲ್ಲಿಯೇ ಎಚ್ಚರ ಬೇಕು. ಜೋಗದಂಥ ಏರುತಗ್ಗಿನ ಊರಿನಲ್ಲಿ ಆ ಬಂಡಿ ನಿಂತಿದೆ ಎಂದು ಕಲ್ಪಿಸಿಕೊಳ್ಳಿ. ಏರಿನಲ್ಲಿ, ಅಥವಾ ಚಕ್ರಕ್ಕೆ ಕಲ್ಲು ಅಡ್ಡ ಸಿಕ್ಕಾಗ, ಮೋಟಾರು 100 ಆಂಪಿಯರ್‌ಗೂ ಹೆಚ್ಚು ಕೇಳಬಹುದು. 7 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿ ಇದನ್ನು ಕೊಡಲಾರದು. ಬ್ಯಾಟರಿಯ ಮೇಲೆ ಬರೆದ ಸಾಮರ್ಥ್ಯವು ಸಾಮಾನ್ಯವಾಗಿ ಅದನ್ನು 20 ಗಂಟೆಗಳ ಕಾಲ ನಿಧಾನವಾಗಿ ಬರಿದುಮಾಡಿ ಅಳೆದದ್ದು. 100 ಆಂಪಿಯರ್-ಗಂಟೆ ಎಂದರೆ 5 ಆಂಪಿಯರ್‌ನಂತೆ 20 ಗಂಟೆ ಎಂದರ್ಥವೇ ಹೊರತು, 100 ಆಂಪಿಯರ್‌ನಂತೆ ಪೂರ್ತಿ ಒಂದು ಗಂಟೆ ಎಂದಲ್ಲ. ವೇಗವಾಗಿ ಎಳೆದಷ್ಟೂ ಸೀಸ-ಆಮ್ಲ ಬ್ಯಾಟರಿಯಿಂದ ದಕ್ಕುವ ಒಟ್ಟು ವಿದ್ಯುತ್ತು ಕಡಿಮೆಯಾಗುತ್ತದೆ. ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿ ಇದರ ಸೂತ್ರವನ್ನು 1897ರಲ್ಲಿಯೇ ಕೊಟ್ಟಿದ್ದಾನೆ.

ಇದಕ್ಕೆ ಕಾರಣ ಬ್ಯಾಟರಿಯ ಒಳಗಿನ ರಚನೆಯಲ್ಲಿದೆ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಕಾರಿನ ಬ್ಯಾಟರಿಯಲ್ಲಿ ಫಲಕಗಳು ತೆಳು, ಸಂಖ್ಯೆ ಹೆಚ್ಚು. ಆಮ್ಲ ತಾಗುವ ಮೈ ವಿಶಾಲವಾಗಿರುವುದರಿಂದ ಒಮ್ಮೆಲೇ ಹೆಚ್ಚು ವಿದ್ಯುತ್ ಹರಿಯುತ್ತದೆ. ಆದರೆ ಆಳವಾಗಿ ಬರಿದುಮಾಡಿ ಮತ್ತೆ ತುಂಬುವ ಕೆಲಸವನ್ನು ಈ ತೆಳು ಫಲಕಗಳು ತಡೆಯಲಾರವು. ಬರಿದಾಗಿಯೇ ಬಿಟ್ಟರೆ ಅವುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಮನೆಯ ಇನ್ವರ್ಟರಿಗೆ, ಸೌರದೀಪಕ್ಕೆ ಬಳಸುವ ಟ್ಯೂಬ್ಯುಲರ್ ಬ್ಯಾಟರಿಯ ರಚನೆ ಬೇರೆ. ಅದರ ದಪ್ಪ ಧನಫಲಕಗಳು ದಿನವೂ ಬರಿದಾಗಿ ತುಂಬುವುದನ್ನು ವರ್ಷಗಟ್ಟಲೆ ತಾಳುತ್ತವೆ. ಆದರೆ ಅದು ಬಹಳ ಭಾರ. ಅಲುಗಾಡಿದರೆ ಆಮ್ಲ ಚೆಲ್ಲಬಹುದು. ಒಂದು ಕಡೆ ಕೂರಿಸಿಡಲು ಅದು ಸರಿ. ಹೊತ್ತು ತಿರುಗಲು, ಓಡುವ ಬಂಡಿಯಲ್ಲಿಡಲು ಸರಿಯಲ್ಲ.

ಈಗ ಹಿನ್ನೀರಿನ ಮನೆಗೆ ಹಿಂದಿರುಗೋಣ. ಟಿವಿಗೆ 6, ಎರಡು ಸಣ್ಣ ದೀಪಗಳಿಗೆ 4, ಒಟ್ಟು ದಿನಕ್ಕೆ 10 ಆಂಪಿಯರ್-ಗಂಟೆ. ಐದು ದಿನಕ್ಕೊಮ್ಮೆ ಚಾರ್ಜ್ ಮಾಡಿಸುವುದಾದರೆ 50 ಬೇಕು. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡದಿದ್ದರೆ ಅದರ ಆಯುಷ್ಯ ಹೆಚ್ಚು. ಹಾಗಾಗಿ 100 ಆಂಪಿಯರ್-ಗಂಟೆಯ, ಆಳವಾಗಿ ಬರಿದಾಗುವುದನ್ನು ತಾಳುವ ಬ್ಯಾಟರಿ ತಕ್ಕದ್ದು. ಅದರ ಬದಲು 40 ಆಂಪಿಯರ್-ಗಂಟೆಯ ಕಾರಿನ ಬ್ಯಾಟರಿ ತಂದರೆ? ನಾಲ್ಕನೆಯ ದಿನಕ್ಕೆ ತಳ ಕಾಣುತ್ತದೆ, ಕೆಲವು ತಿಂಗಳಲ್ಲಿ ಗುಜರಿ ಸೇರುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ಮನೆಯವರು ಬೈಯಬಹುದು. ಆದರೆ ಬ್ಯಾಟರಿಯಲ್ಲಿ ದೋಷವಿಲ್ಲ; ತನ್ನದಲ್ಲದ ಕೆಲಸಕ್ಕೆ ಅದನ್ನು ಹೂಡಲಾಗಿತ್ತು, ಅಷ್ಟೆ.

ಗಾಲಿಮನೆಗೆ ಯಾವುದು ತಕ್ಕುದು? ಕ್ಷಣದಲ್ಲಿ ಹೆಚ್ಚು ಆಂಪಿಯರ್ ಕೊಡುವ ಶಕ್ತಿಯೂ ಬೇಕು, ಬರಿದಾಗುವುದನ್ನು ತಾಳುವ ಗುಣವೂ ಬೇಕು. ಗಾಜಿನ ನಾರಿನ ಹಾಸಿನಲ್ಲಿ ಆಮ್ಲವನ್ನು ಹೀರಿಸಿ ಮುಚ್ಚಿದ ಎಜಿಎಂ ಬ್ಯಾಟರಿಯಲ್ಲಿ ಈ ಎರಡೂ ಒಂದು ಮಟ್ಟಿಗೆ ಇವೆ. ಆಮ್ಲ ಚೆಲ್ಲುವ ಭಯವೂ ಇಲ್ಲ. ಇತ್ತೀಚೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಬಂದಿವೆ. ಇವುಗಳ ತೂಕ ಸೀಸ-ಆಮ್ಲದ ಅರ್ಧಕ್ಕಿಂತಲೂ ಕಡಿಮೆ, ಸಾವಿರಾರು ಬಾರಿ ಬರಿದುಮಾಡಿ ತುಂಬಬಹುದು, ಬೆಲೆ ಹೆಚ್ಚು. ಆದರೆ ಇವುಗಳ ಒಳಗಿನ ರಕ್ಷಣಾ ಮಂಡಲವು ಇಂತಿಷ್ಟೇ ಆಂಪಿಯರ್ ಎಂದು ಮಿತಿ ಹಾಕಿರುತ್ತದೆ. ಮಿತಿ 50 ಇದ್ದು, ಮೋಟಾರು 100 ಕೇಳಿದರೆ ವಿದ್ಯುತ್ ತಟ್ಟನೆ ಕಡಿದುಹೋಗುತ್ತದೆ. ಆಂಪಿಯರ್-ಗಂಟೆ ಬೇಕಾದಷ್ಟಿದ್ದರೂ ಬಂಡಿ ಏರಿನ ನಡುವೆಯೇ ನಿಲ್ಲುತ್ತದೆ.

ತಂತಿಯನ್ನೂ ಮರೆಯಬಾರದು. ತಂತಿ ಮತ್ತು ಬೆಸುಗೆಗಳ ರೋಧ ಒಂದು ಓಮ್‌ನ ನೂರನೆಯ ಒಂದು ಭಾಗವಿದ್ದರೂ, 100 ಆಂಪಿಯರ್ ಹರಿಯುವಾಗ ಒಂದು ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಓಮ್‌ನ ನಿಯಮವನ್ನು ನೀವು ಓದಿದ್ದೀರಿ; ಅದು ಪರೀಕ್ಷೆಗೆ ಮಾತ್ರವಲ್ಲ. ದಪ್ಪ ತಂತಿ, ಬಿಗಿಯಾದ ಜೋಡಣೆ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು, ಇವು ಬೇಕೇ ಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಅದರ ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಗಾಳಿಯಾಡುವ ಕಡೆ ಇಡಿ. ನೀರು ಕಡಿಮೆಯಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ಬಾವಿಯ ನೀರನ್ನಲ್ಲ. ಎರಡು ಧ್ರುವಗಳಿಗೆ ಒಂದೇ ಬಾರಿ ಲೋಹ ತಾಗಿಸಬೇಡಿ. ಕೆಟ್ಟ ಬ್ಯಾಟರಿಯ ಆಮ್ಲವನ್ನು ತೋಟಕ್ಕಾಗಲಿ ಹಿನ್ನೀರಿಗಾಗಲಿ ಚೆಲ್ಲಲೇಬಾರದು. ಸೀಸ ವಿಷ, ಅದರಲ್ಲಿಯೂ ಮಕ್ಕಳಿಗೆ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಬೇಕೆಂದು ನಮ್ಮ ದೇಶದಲ್ಲಿ 2001ರಿಂದಲೂ ನಿಯಮವಿದೆ. 2022ರ ಹೊಸ ನಿಯಮಗಳು ಲಿಥಿಯಂ ಬ್ಯಾಟರಿಗಳನ್ನೂ ಒಳಗೊಂಡಿವೆ.

ಮಿತ್ರರೇ, ಬ್ಯಾಟರಿ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ಒಮ್ಮೆಗೆ ಅತಿ ಹೆಚ್ಚೆಂದರೆ ಎಷ್ಟು ಆಂಪಿಯರ್ ಬೇಕು? ಎಷ್ಟು ಹೊತ್ತು ಬೇಕು? ಎಷ್ಟು ದಿನಕ್ಕೊಮ್ಮೆ ಮತ್ತೆ ತುಂಬಲು ಸಾಧ್ಯ? ಅದನ್ನು ಹೊತ್ತು ಸಾಗಿಸಬೇಕೇ, ಒಂದೆಡೆ ಇಡಬೇಕೇ? ಉತ್ತರಗಳನ್ನು ಕಾಗದದ ಮೇಲೆ ಬರೆದು ಅಂಗಡಿಗೆ ಹೋಗಿ. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಅಥವಾ ಸೌರದೀಪ ಇದ್ದರೆ, ಇಂದೇ ಅದರ ಬ್ಯಾಟರಿಯ ಮೇಲಿನ ಸಂಖ್ಯೆಗಳನ್ನು ಓದಿ, ದೀಪ ಎಷ್ಟು ಗಂಟೆ ಉರಿಯಬೇಕೆಂದು ಲೆಕ್ಕ ಹಾಕಿ. ಲೆಕ್ಕಕ್ಕಿಂತ ಬಹಳ ಬೇಗ ದೀಪ ಮಂದವಾದರೆ, ಬ್ಯಾಟರಿ ನಿಮಗೆ ಏನನ್ನೋ ಹೇಳುತ್ತಿದೆ ಎಂದು ತಿಳಿದು ಹಿರಿಯರ ಗಮನಕ್ಕೆ ತನ್ನಿ.