ಹೆಸರು ತಪ್ಪಿದರೆ ದಾಖಲೆ ಸಿಗದು
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೃಷಿ ವಿಜ್ಞಾನಿಯಾದ ನಾನು ಗ್ರಂಥಾಲಯದ ಸೂಚಿಯ ಬಗ್ಗೆ ಮಾತನಾಡಲು ನಿಂತಿರುವುದು ತಮಗೆ ವಿಚಿತ್ರವೆನಿಸಬಹುದು. ಕಾರಣವಿದೆ. ಬೆಟ್ಟದ ರಾಗಿ ತಳಿಗಳ ಹಳೆಯ ವಿವರಗಳಿಗಾಗಿ ಒಮ್ಮೆ ಒಂದು ದೊಡ್ಡ ಗ್ರಂಥಾಲಯದ ಗಣಕೀಕೃತ ಸೂಚಿಯಲ್ಲಿ ‘ಸೋಲಿಗ’ ಎಂದು ಹುಡುಕಿದೆ. ಕೆಲವೇ ಪುಸ್ತಕಗಳು ಕಾಣಿಸಿದವು. ‘ಶೋಲಗ’ ಎಂದು ಹುಡುಕಿದಾಗ ಬೇರೆಯೇ ಪುಸ್ತಕಗಳು ಬಂದವು. ಜನ ಒಂದೇ, ಬೆಟ್ಟವೂ ಒಂದೇ. ಆದರೆ ಸೂಚಿಯ ಪಾಲಿಗೆ ಅವು ಸಂಬಂಧವಿಲ್ಲದ ಎರಡು ಸಮುದಾಯಗಳಾಗಿದ್ದವು.

ಈ ಗೊಂದಲಕ್ಕೆ ಇತಿಹಾಸವಿದೆ. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು 7 ಸಂಪುಟಗಳನ್ನು ಪ್ರಕಟಿಸಿದರು. ಅದರಲ್ಲಿ ಈ ಜನರ ಹೆಸರು ‘ಶೋಲಗ’. ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿಯೂ ಅದೇ ರೂಪ. ಕರ್ನಾಟಕದ ಪಟ್ಟಿಯಲ್ಲಿ ‘ಸೋಲಿಗರು’. ಪುಸ್ತಕದಲ್ಲಿ ಕಂಡುದನ್ನೇ ಸೂಚಿಕಾರರು ಇಳಿಸಿಕೊಳ್ಳುತ್ತ ಬಂದರೆ ಇಂತಹ ರೂಪಗಳು ಒಂದನ್ನೊಂದು ಅರಿಯದೆ ಉಳಿಯುತ್ತವೆ.

‘ಕುರುಬ’ ಎಂಬ ಶೀರ್ಷಿಕೆಯ ತೊಂದರೆ ಇದಕ್ಕೆ ವಿರುದ್ಧವಾದುದು. ಕಾಡಿನ ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಬಯಲುಸೀಮೆಯ ಕುರಿಗಾಹಿ ಕುರುಬರೊಡನೆ ಅದು ಬೆರೆಸಿಬಿಡುತ್ತದೆ. ಹೆಸರಿನ ವ್ಯತ್ಯಾಸ ಬದುಕಿಗೆ ಎಷ್ಟು ಮುಖ್ಯವೆಂಬುದನ್ನು ಬೆಟ್ಟಕುರುಬರು ಬಲ್ಲರು. ಸರ್ಕಾರಿ ಪಟ್ಟಿಯಲ್ಲಿ ‘ಕಾಡುಕುರುಬ’ ಎಂದಿತ್ತೇ ಹೊರತು ಅವರ ಹೆಸರಿರಲಿಲ್ಲ. ಅದನ್ನು ಪರ್ಯಾಯ ಹೆಸರಾಗಿ ಸೇರಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ನೀಡಿದ್ದು 2022ರ ಡಿಸೆಂಬರಿನಲ್ಲಿ.

ಇದು ಕೇವಲ ವಿದ್ವಾಂಸರ ತಲೆನೋವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಗೆಜೆಟಿಯರ್, ಜನಗಣತಿ, ಭೂಮಾಪನ ವರದಿ, ನಕಾಶೆ, ಅರಣ್ಯ ಇಲಾಖೆಯ ಕಾರ್ಯಯೋಜನೆ ಇವೆಲ್ಲವನ್ನೂ ಪುರಾವೆಯೆಂದು ಒಪ್ಪುತ್ತವೆ. ಹಿರಿಯರ ಹೇಳಿಕೆಗೂ ಅಲ್ಲಿ ಮಾನ್ಯತೆಯಿದೆ. ಆದರೆ ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ಪರಿಶೀಲಿಸಬೇಕೆಂಬುದು ನಿಯಮ. ಅಜ್ಜನ ಮಾತಿಗೆ ಬೆಂಬಲವಾಗಬಲ್ಲ ಕಾಗದವು ಪತ್ರಾಗಾರದಲ್ಲಿದ್ದೂ ತಪ್ಪು ಹೆಸರಿನಡಿ ಹುದುಗಿದ್ದರೆ, ಅರ್ಜಿದಾರನ ಪಾಲಿಗೆ ಅದು ಇಲ್ಲದಂತೆಯೇ.

ಜ್ಞಾನದ ವಿಷಯದಲ್ಲಿಯೂ ಹೀಗೆಯೇ. ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುತ್ತ ಬಂದಿದ್ದಾರೆ. ವಿಜ್ಞಾನಿಗಳು ಅದನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಅಂತಹ ಲೇಖನವನ್ನು ‘ಕಳೆ’, ‘ಕಾಡ್ಗಿಚ್ಚು’ ಎಂಬ ವಿಷಯಗಳಡಿ ಮಾತ್ರ ಸೇರಿಸಿದರೆ ಜ್ಞಾನ ಉಳಿಯುತ್ತದೆ, ಜ್ಞಾನಿಯ ಹೆಸರು ಅಳಿಯುತ್ತದೆ. ಬೀಜ ಸಂಗ್ರಹಗಳಲ್ಲಿ ತಳಿಯ ಜೊತೆ ತಾಲ್ಲೂಕನ್ನು ಬರೆದು, ಬೀಜ ಕೊಟ್ಟ ಸಮುದಾಯವನ್ನು ಬರೆಯದಿರುವುದೂ ಇದೇ ಬಗೆಯ ಲೋಪ.

ಪರಿಹಾರವೇನು? ಸಮುದಾಯವು ತನ್ನನ್ನು ತಾನು ಕರೆದುಕೊಳ್ಳುವ ಹೆಸರು ಮುಖ್ಯ ಶೀರ್ಷಿಕೆಯಾಗಬೇಕು. ಅದು ಕನ್ನಡ ಲಿಪಿಯಲ್ಲಿಯೂ ಇರಬೇಕು. ಹಳೆಯ ರೂಪಗಳನ್ನು ಅಳಿಸಬಾರದು. ‘ಶೋಲಗ: ಸೋಲಿಗ ನೋಡಿ’ ಎಂಬ ಅಡ್ಡಸೂಚನೆಯಿದ್ದರೆ ಯಾವ ಹೆಸರಿನಿಂದ ಹುಡುಕಿದರೂ ದಾರಿ ಸಿಗುತ್ತದೆ. ಪೋಡು, ಹಾಡಿಗಳ ಹೆಸರುಗಳನ್ನೂ ದಾಖಲಿಸಬೇಕು. ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ 1871ರ ಕಾಯಿದೆಯದು. ಆ ಕಾನೂನು 1952ರಲ್ಲಿ ರದ್ದಾಯಿತು. ಹಳೆಯ ಕಡತದ ತಲೆಬರಹದಲ್ಲಿ ಆ ಪದ ಇದ್ದರೆ ಚರಿತ್ರೆಯೆಂದು ಉಳಿಯಲಿ. ಸೂಚಿಕಾರರ ಸ್ವಂತ ವಿವರಣೆಯಲ್ಲಿ ಅದಕ್ಕೆ ಸ್ಥಾನವಿರಬಾರದು.

ಹೆಸರನ್ನು ನಿರ್ಧರಿಸುವವರು ಯಾರು? ನಾನಲ್ಲ, ಗ್ರಂಥಪಾಲಕರೂ ಅಲ್ಲ. ಕೆನಡಾದಲ್ಲಿ ಮೊಹಾಕ್ ಸಮುದಾಯದ ಗ್ರಂಥಪಾಲಕ ಬ್ರಯಾನ್ ಡೀರ್ 1970ರ ದಶಕದಲ್ಲಿ ಮೂಲನಿವಾಸಿಗಳ ದೃಷ್ಟಿಯಿಂದಲೇ ಒಂದು ವರ್ಗೀಕರಣ ಪದ್ಧತಿಯನ್ನು ರೂಪಿಸಿದರು. ನಮ್ಮಲ್ಲಿಯೂ ಪೋಡಿನ ಹಿರಿಯರು, ಗ್ರಾಮಸಭೆಗಳು ಹೇಳಬೇಕು. ಪವಿತ್ರ ಸ್ಥಳ, ಔಷಧಿ ಗಿಡಗಳ ಯಾವ ವಿವರ ಬಹಿರಂಗವಾಗಬಹುದು ಎಂಬುದೂ ಅವರದೇ ತೀರ್ಮಾನವಾಗಬೇಕು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮ್ಮ ಕಾಲೇಜಿನ ಗ್ರಂಥಾಲಯದಿಂದಲೇ ಆರಂಭಿಸಿ. ನಮ್ಮ ಬೆಟ್ಟದ ಜನರ ಬಗ್ಗೆ ಇರುವ ಪುಸ್ತಕಗಳನ್ನೂ ಅವು ಯಾವ ಹೆಸರಿನಡಿ ಇವೆಯೆಂಬುದನ್ನೂ ಪಟ್ಟಿ ಮಾಡಿ. ಆ ಪಟ್ಟಿಯನ್ನು ಹಿರಿಯರ ಮುಂದೆ ಓದಿ, ಅವರು ತಿದ್ದಿದ್ದನ್ನು ಬರೆದುಕೊಂಡು ಗ್ರಂಥಪಾಲಕರಿಗೆ ಒಪ್ಪಿಸಿ. ಹಿರಿಯರು ನಮ್ಮೊಡನೆ ಇರುವಾಗಲೇ ಆಗಬೇಕಾದ ಕೆಲಸವಿದು.