ತಳಪಾಯವನ್ನು ಯಾರಿಗೆ ಒಪ್ಪಿಸಿದರು?



ಕಾವೇರಿಗೆ ಕಟ್ಟಿದ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಚರಿತ್ರೆ ನಿಮಗೆಲ್ಲ ಬಾಯಿಪಾಠ, ಎರಡೇ ಮಾತಿನಲ್ಲಿ ಮುಗಿಸುತ್ತೇನೆ. 1911ರಲ್ಲಿ ಕೆಲಸ ಶುರುವಾಯಿತು. ಮೈಸೂರು ಕೇಳಿದ್ದು 41.5 ಟಿಎಂಸಿ (ಸಾವಿರ ದಶಲಕ್ಷ ಘನ ಅಡಿ) ನೀರು ಹಿಡಿಯುವ ಕಟ್ಟೆ. ಮದ್ರಾಸು ಒಪ್ಪಲಿಲ್ಲ, ಭಾರತ ಸರ್ಕಾರ ಅನುಮತಿ ಕೊಟ್ಟದ್ದು 11 ಟಿಎಂಸಿಗೆ. ತಳಪಾಯ ಬಿದ್ದದ್ದು ಮಾತ್ರ ದೊಡ್ಡ ಕಟ್ಟೆಗೇ.

ನನ್ನ ತಕರಾರು ಇರುವುದು ಈ ತಳಪಾಯದ ಬಗ್ಗೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಸುವವರು ಡೆಲಿವರಬಲ್, ಅಂದರೆ ಒಪ್ಪಿಸುವ ವಸ್ತು, ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು ಎನ್ನುತ್ತಾರೆ: ಕಟ್ಟಡ, ಯಂತ್ರ, ವರದಿ. ಸರಿಯೇ. ಆದರೆ ಮಣ್ಣಿನಡಿ ಹೋಗುವುದನ್ನು ಬರೀ ನಡುವಿನ ಹಂತವೆಂದು ಪಟ್ಟಿಯಿಂದ ಬಿಡುವವರನ್ನು ಕಂಡಿದ್ದೇನೆ. ಅದನ್ನು ನಾನು ಒಪ್ಪಲಾರೆ.

ನಮಗೆ ಎಸ್ಟಿಮೇಟ್ ಪಾಠ ಮಾಡಿದ ಮೇಷ್ಟ್ರು ಎಂ.ಬಿ.ಯನ್ನು, ಅಂದರೆ ಕೆಲಸದ ಅಳತೆ ಪುಸ್ತಕವನ್ನು, ತರಗತಿಗೇ ತಂದು ಬರೆಸುತ್ತಿದ್ದರು. ಸಂಖ್ಯೆ, ಉದ್ದ, ಅಗಲ, ಆಳ, ಪ್ರಮಾಣ. ತಪ್ಪಿದರೆ ಅಳಿಸುವ ಹಾಗಿಲ್ಲ. ಗೆರೆ ಎಳೆದು, ಸರಿಯಾದ್ದನ್ನು ಬರೆದು, ಸಹಿ ಹಾಕಬೇಕು. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಯಬೇಕು ಎಂಬುದು ಅವರಿಗೆ ವೇದವಾಕ್ಯ. "ಗುಂಡಿ ತುಂಬಿದ ಮೇಲೆ ಆಳ ಎಷ್ಟಿತ್ತೂಂತ ಯಾರನ್ನ ಕೇಳ್ತೀರಯ್ಯಾ?" ಎಂದು ಗದರುತ್ತಿದ್ದರು. ಗೋಡೆಯ ಅಳತೆಯನ್ನು ನಾಳೆಯೂ ತೆಗೆದುಕೊಳ್ಳಬಹುದು. ತಳಪಾಯಕ್ಕೆ ಇರುವುದು ಒಂದೇ ಅವಕಾಶ. ಅಳೆಯಲು, ಪರೀಕ್ಷಿಸಲು, ಸಹಿ ಹಾಕಿ ಒಪ್ಪಿಸಲು ಬರುವುದಾದರೆ ಅದು ಒಪ್ಪಿಸುವ ವಸ್ತುವೇ. ಆಮೇಲೆ ಕಾಣುತ್ತದೋ ಇಲ್ಲವೋ ಎಂಬುದು ಬೇರೆ ಮಾತು.

ಕನ್ನಂಬಾಡಿಯೇ ಇದಕ್ಕೆ ಸಾಕ್ಷಿ. 1924ರ ಫೆಬ್ರವರಿಯಲ್ಲಿ ಮೈಸೂರು, ಮದ್ರಾಸುಗಳ ನಡುವೆ ಆದ ಒಪ್ಪಂದ 44.827 ಟಿಎಂಸಿಗೆ ಅವಕಾಶ ಕೊಟ್ಟಿತು. ಸುರ್ಕಿ ಗಾರೆಯ ಆ ಕಲ್ಲುಕಟ್ಟಡ ಪೂರ್ತಿ ಎತ್ತರಕ್ಕೆ ಏಳಲು ಸಾಧ್ಯವಾದದ್ದು ಕೆಳಗೆ ಅಷ್ಟು ಅಗಲ ಮೊದಲೇ ಬಿದ್ದಿದ್ದರಿಂದ.

ಇಷ್ಟಾದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಪ್ಪಿಗೆ ಇದ್ದದ್ದು 11ಕ್ಕೆ. ಆ ಹೆಚ್ಚುವರಿ ಅಗಲ ಯಾರ ಬೇಡಿಕೆ? ಯಾರಿಗೆ ಒಪ್ಪಿಸಿದ್ದು? ಮಂಡ್ಯದ ಗದ್ದೆಯ ಬದುವಿನಲ್ಲಿ ನಿಂತವನಿಗೆ ಅದು ದೂರದೃಷ್ಟಿ. ತಂಜಾವೂರಿನ ಗದ್ದೆಯವನಿಗೆ ಮಾತು ಮೀರಿದ ಕೆಲಸ. ಇಬ್ಬರೂ ಕಾವೇರಿಯನ್ನೇ ನಂಬಿದವರು. ಎದುರು ಕಕ್ಷಿ ಒಪ್ಪದೆ ಕಟ್ಟಿದ್ದನ್ನೂ ಒಪ್ಪಿಸಿದ ವಸ್ತುಗಳ ಲೆಕ್ಕಕ್ಕೆ ಸೇರಿಸಬಹುದೇ? ಸೇರಿಸಬೇಕೆಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಪುಟಕ್ಕೆ ಸಹಿ ಯಾರದ್ದು ಎಂದರೆ ನನ್ನಲ್ಲಿ ಉತ್ತರವಿಲ್ಲ. ನೀರಾವರಿ ಇಲಾಖೆಯಲ್ಲಿ ದುಡಿದ ಹಿರಿಯರು ಸಭೆಯಲ್ಲಿದ್ದೀರಿ. ದಯವಿಟ್ಟು ನೀವು ಹೇಳಿ.