ಸಿಹಿಯ ಲೆಕ್ಕ



ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಸುತ್ತಾಡುವವರ ಕಾಲು ಮಿಠಾಯಿ ಅಂಗಡಿಯ ಮುಂದೆ ತಾನಾಗಿ ನಿಲ್ಲುವುದುಂಟು. ನಮ್ಮ ಧಾರವಾಡ ಪೇಢೆಯ ಕಂದುಬಣ್ಣವೇ ನನ್ನ ಇಂದಿನ ಮಾತಿಗೆ ಪೀಠಿಕೆ. ಖವಾ ಹುರಿಯುವಾಗ ಹಾಲಿನಲ್ಲಿಯೇ ಇರುವ ಸಕ್ಕರೆಯು ಹಾಲಿನ ಪ್ರೋಟೀನಿನೊಡನೆ ಕೂಡುತ್ತದೆ. ಆ ಬಣ್ಣ, ಆ ಕಂಪು ಬಹುಮಟ್ಟಿಗೆ ಈ ಕೂಟದ ಫಲ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಾಯಾರ್ 1912ರಲ್ಲಿ ಈ ಬಗೆಯ ಕ್ರಿಯೆಯನ್ನು ವಿವರಿಸಿದರು.

ಬಾಣಲೆಯಲ್ಲಿ ಬೇಗನೆ ಮುಗಿಯುವ ಈ ಕಾರ್ಯ ನಮ್ಮ ಮೈಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ. ರಕ್ತದ ಗ್ಲೂಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಮೊದಮೊದಲು ಈ ಅಂಟು ಸಡಿಲ, ಬಿಟ್ಟುಹೋಗಲೂಬಹುದು. ಕಾಲ ಸಂದಂತೆ ಅದು ಗಟ್ಟಿಗೊಂಡು, ನೆರೆಯ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ರಕ್ತನಾಳದ ಗೋಡೆಯ ಕೊಲಾಜನ್ ಹೀಗೆ ಬಿಗಿದರೆ ನಾಳವು ತನ್ನ ಬಳುಕನ್ನು ಕಳೆದುಕೊಳ್ಳುತ್ತದೆ. ಕಣ್ಣಿನ ಮಸೂರ ಮಬ್ಬಾಗಿ ಪೊರೆ ಬರುವುದಕ್ಕೂ, ಮೂತ್ರಪಿಂಡ ಸೊರಗುವುದಕ್ಕೂ ಇದು ನೆರವಾಗುತ್ತದೆ. ಮುಪ್ಪಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಮುಪ್ಪು ಯಾರನ್ನೂ ಬಿಟ್ಟಿಲ್ಲ. ಆದರೆ ಸಕ್ಕರೆ ಕಾಯಿಲೆಯುಳ್ಳವರಲ್ಲಿ ಈ ಕ್ರಿಯೆಯ ನಡಿಗೆ ಓಟವಾಗುತ್ತದೆ.

1960ರ ದಶಕದ ಕೊನೆಯಲ್ಲಿ ಇರಾನಿನ ಸ್ಯಾಮ್ಯುಯೆಲ್ ರಹಬಾರ್ ಅವರು ಮಧುಮೇಹಿಗಳ ರಕ್ತದಲ್ಲಿ ಒಂದು ವಿಶೇಷ ಬಗೆಯ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಗುರುತಿಸಿದರು. ಅದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್. ಇಂದು ವೈದ್ಯರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆದಕಾರಣ ಹಿಂದಿನ ದಿನವಷ್ಟೇ ಪಥ್ಯ ಮಾಡಿ ಈ ಪರೀಕ್ಷೆಯನ್ನು ವಂಚಿಸಲಾಗದು. ಎರಡು ಮೂರು ತಿಂಗಳ ಲೆಕ್ಕ ಅಲ್ಲಿ ಬರೆದಿರುತ್ತದೆ. ಶೇಕಡಾ 6.5 ಮುಟ್ಟಿದರೆ ಅದು ಮಧುಮೇಹದ ಗುರುತು.

ನನ್ನನ್ನು ಯೋಚನೆಗೆ ಹಚ್ಚುವ ಸಂಗತಿಯೊಂದಿದೆ. ರಕ್ತಕಣ ಹಳತಾದರೆ ಹೊಸತು ಹುಟ್ಟುತ್ತದೆ. ಆ ಲೆಕ್ಕವನ್ನು ನಾಲ್ಕು ತಿಂಗಳಲ್ಲಿ ತಿದ್ದಿಕೊಳ್ಳಬಹುದು. ಮಸೂರದ ನಡುತಿರುಳಿನ ಪ್ರೋಟೀನಾದರೋ ಹುಟ್ಟಿನಿಂದ ಕೊನೆಯವರೆಗೆ ಅದೇ. ಅಲ್ಲಿ ಬಿದ್ದ ಗೆರೆ ಅಳಿಯದು. ನೋವಿಲ್ಲ, ಬಾಧೆಯಿಲ್ಲ ಎಂದು ನಾವು ನಿಶ್ಚಿಂತರಾಗಿರುವ ವರ್ಷಗಳಲ್ಲಿಯೇ ಈ ಗೆರೆಗಳು ಬೀಳುತ್ತವೆ. ಆರೋಗ್ಯವಂತರು ಹಬ್ಬಕ್ಕೊಂದು ಪೇಢೆ ತಿಂದರೆ ಹಾನಿಯೇನಿಲ್ಲ. ಬಹುಕಾಲ ಏರಿಯೇ ಇರುವ ರಕ್ತದ ಸಕ್ಕರೆಯೇ ನಿಜವಾದ ವೈರಿ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದವರು ತಮ್ಮ ರಕ್ತವನ್ನು ಈಗಲೇ ಪರೀಕ್ಷಿಸಿಕೊಳ್ಳಲಿ. ತಿದ್ದಬಹುದಾದ ಲೆಕ್ಕವನ್ನು ತಿದ್ದುವ ಕಾಲ ಅದೇ.